ಕಾಲು ಕೂಡಿಸಿ ಕೂರಲು ಕಲಿತದ್ದು

ನನ್ನ ಗಂಡನ ಊರಾದ ಹಂಗಳದ ಮನೆಯ ಹಿತ್ತಿಲ ಬಚ್ಚಲಲ್ಲಿ ಆ ಬೆಳಿಗ್ಗೆ ನಾವು ನಾಲ್ವರು ಹೆಂಗಸರಿದ್ದೆವು, ಜೊತೆಗೆ ಎರಡು ತಿಂಗಳ ಒಂದು ಗಂಡು ಕೂಸು. ಎಂಬತ್ತು ದಾಟಿದ ನಮ್ಮತ್ತೆ ಹಂಡೆಯ ಒಲೆಗೆ ಬೆನ್ನು ಕೊಟ್ಟು ನಿಂತಿದ್ದರು. ಕೂಸಿನ ತಾಯಿ, ಅಂದರೆ ನನ್ನ ಮೈದುನನ ಸೊಸೆ, ಟವಲ್ಲು ಹಿಡಿದು ಬಾಗಿಲಲ್ಲಿದ್ದಳು. ಅವಳ ಪಕ್ಕ ಗೋಡೆಗೆ ಒರಗಿ ನನ್ನ ಮಗಳು. ಆಗ ಅವಳು ಬಸುರಿ, ಮೂರು ತಿಂಗಳು ತುಂಬಿತ್ತು. ನಾನು ಗುಂಡ್ಲುಪೇಟೆಯಿಂದ ಬಂದ ನೆಂಟರ ಹಾಗೆ ಕೈಯಲ್ಲಿ ಕಾಫಿ ಲೋಟ ಹಿಡಿದು, ಎಲ್ಲರಿಗೂ ಅಡ್ಡವಾಗಿ ನಡುವೆ ನಿಂತಿದ್ದೆ.

"ಲೋಟ ಮಡಗಿ ಕೂತ್ಕೊ ಕಣಮ್ಮಿ," ಎಂದರು ಅತ್ತೆ. "ಇವತ್ತು ನೀನು ನೀರು ಉಯ್ಯಿ. ನನ್ ಕೈ ನಡುಗ್ತವೆ. ಇನ್ನಾರು ತಿಂಗ್ಳಿಗೆ ನಿನ್ ಮಗಳ್ದು ಬತ್ತದೆ. ಆಗ ಅತ್ತೆ ಬಾ, ಅತ್ತೆ ಬಾ ಅಂತ ಪೋನ್ ಮಾಡ್ಬೇಡ."

ನಮ್ಮ ಕಡೆ ಹಸುಗೂಸಿಗೆ ನೀರು ಹಾಕುವವರು ಕೈಗಿಂತ ಮೊದಲು ಕಾಲನ್ನು ಸಿದ್ಧ ಮಾಡಿಕೊಳ್ಳಬೇಕು. ಮಣೆಯ ಮೇಲೆ ಕುಳಿತು ಎರಡೂ ಕಾಲನ್ನು ಮುಂದಕ್ಕೆ ನೀಳವಾಗಿ ಚಾಚಿ, ಜೋಡಿಸಿ, ಮಂಡಿಯಿಂದ ಪಾದದವರೆಗಿನ ಆ ತಗ್ಗನ್ನೇ ತೊಟ್ಟಿಲು ಮಾಡಿಕೊಳ್ಳಬೇಕು. ಕೂಸಿನ ತಲೆ ನಮ್ಮ ಪಾದದ ಕಡೆಗೆ, ಅದರ ಕಾಲು ನಮ್ಮ ಹೊಟ್ಟೆಯ ಕಡೆಗೆ. ಎಣ್ಣೆ ತಿಕ್ಕಿ, ಮಗುಚಿ, ನೀರು ಹಾಕಿ ಮುಗಿಸುವ ತನಕ ಆ ಕಾಲು ಅಲುಗಬಾರದು. ನಮ್ಮತ್ತೆ ಹೀಗೆ ಆ ಬೀದಿಯಲ್ಲಿ ಎಷ್ಟು ಕೂಸುಗಳಿಗೆ ನೀರು ಹಾಕಿದ್ದಾರೋ ಅವರಿಗೇ ನೆನಪಿಲ್ಲ.

ನನಗೆ ಕೂರುವುದಕ್ಕೇ ಇಬ್ಬರ ಆಸರೆ ಬೇಕಾಯಿತು. ಒಂದು ಕೈ ಅತ್ತೆಯ ಹೆಗಲ ಮೇಲೆ, ಇನ್ನೊಂದು ಮಗಳ ಭುಜದ ಮೇಲೆ ಇಟ್ಟು ಅರ್ಧ ಇಳಿದೆ. ಉಳಿದ ಅರ್ಧವನ್ನು ಮೂಟೆ ಬಿದ್ದ ಹಾಗೆ ಬಿದ್ದೆ. ಸೀರೆ ಮೇಲೆತ್ತಿ ಕಾಲು ಚಾಚಿದೆ. ಜೋಡಿಸಲು ನೋಡಿದರೆ ಅವು ಕೂಡಲೊಲ್ಲವು. ಮೇಲೆ ತೊಡೆಗಳೇ ಒಂದನ್ನೊಂದು ಒತ್ತಿಕೊಂಡು ಇದ್ದ ಜಾಗವನ್ನೆಲ್ಲ ತುಂಬಿಬಿಟ್ಟಿದ್ದವು. ಅಲ್ಲಿಂದ ಕೆಳಗೆ ನನ್ನ ಎಡಗಾಲು ಬಂಡೀಪುರದ ಕಡೆ, ಬಲಗಾಲು ಮೈಸೂರಿನ ಕಡೆ. ಎರಡು ಪಾದಗಳ ನಡುವೆ ಆರಾಮವಾಗಿ ಒಂದು ಚೊಂಬು ಇಡಬಹುದಿತ್ತು.

ಅತ್ತೆ ಆದದ್ದಾಗಲಿ ಎಂದು ಕೂಸನ್ನು ಮಲಗಿಸಿದರು. ಅದು ನಿಧಾನವಾಗಿ ನಡುವಿನ ಸಂದಿಗೆ ಇಳಿಯತೊಡಗಿತು. ಅತ್ತೆಯ ಕೈ ಕೆಳಗೇ ಇದ್ದುದರಿಂದ ಸರಿಹೋಯಿತು.

"ಅಯ್ಯೋ, ಕೂಸು ಕಾಲ್ವೆಗೆ ಓಯ್ತು ಎತ್ಕಳ್ರೋ!" ಎಂದು ಕೂಗಿ ಅವರೇ ಎತ್ತಿಕೊಂಡರು. ಆಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಏನಮ್ಮಿ ಇವು, ತೊಡೆಗಳಾ, ಅರಿಶಿಣದ ಮೂಟೆಗಳಾ?" ಎಂದರು.

ಎಲ್ಲರೂ ನಕ್ಕರು, ನಾನೂ ನಕ್ಕೆ. ನನ್ನನ್ನು ಎಬ್ಬಿಸಲು ಮೈದುನನ ಸೊಸೆ ಟವಲ್ಲು ಬಿಸಾಡಿ ಬರಬೇಕಾಯಿತು.

ಗುಂಡ್ಲುಪೇಟೆಗೆ ಹಿಂತಿರುಗುವ ಬಸ್ಸಿನಲ್ಲಿ ಮಗಳು ಮೊಬೈಲು ತೋರಿಸಿದಳು. "ಅಮ್ಮ, ನೋಡಿಲ್ಲಿ. ಮಗೂಗೆ ಸ್ನಾನ ಮಾಡ್ಸೋ ಟಬ್. ಒಳಗೆ ಮಲಗ್ಸೋಕೆ ಜಾಲರಿನೂ ಇದೆ. ನೀನು ಕೆಳಗೆ ಕೂರೋದೇ ಬೇಡ, ಕುರ್ಚಿ ಮೇಲೆ ಕೂತ್ಕೊಂಡೇ ಮಾಡ್ಸಬಹುದು."

"ಚೆನ್ನಾಗಿದೆ," ಎಂದೆ. ಕಿಟಕಿಯ ಕಡೆ ತಿರುಗಿ ಕುಳಿತೆ.

ಅವಳು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಳು. ಅವಳಿಗೆ ತಿಳಿಯದ ಒಂದು ಮಾತಿತ್ತು. ಅವಳು ಹುಟ್ಟಿದಾಗ ನನಗೆ ಲೈಬ್ರರಿಯ ಕೆಲಸ ಹೊಸದು. ಆಗೆಲ್ಲ ರಜೆ ಇಷ್ಟು ಸಿಗುತ್ತಿರಲಿಲ್ಲ, ಸಿಕ್ಕಷ್ಟನ್ನೂ ಕೇಳುವ ಧೈರ್ಯ ನನಗಿರಲಿಲ್ಲ. ಅತ್ತೆ ಬಂದು ನಮ್ಮ ಬಾಡಿಗೆ ಮನೆಯಲ್ಲಿದ್ದು ಅವಳಿಗೆ ನೀರು ಹಾಕಿದರು. ನಾನು ಬಾಣಂತಿ ಮಂಚದ ಮೇಲೆ ಮಲಗಿ ಚೊಂಬಿನ ಸದ್ದು ಕೇಳುತ್ತಿದ್ದೆ. ಆಮೇಲೆ ಆಫೀಸಿಗೆ ಹೊರಡುವ ಅವಸರದಲ್ಲಿ ಕೇಳುತ್ತಿದ್ದೆ. ನನ್ನ ಹೊಟ್ಟೆಯ ಒಂದೇ ಮಗುವಿಗೆ ನಾನು ಒಂದು ದಿನವೂ ಕಾಲ ಮೇಲೆ ಮಲಗಿಸಿಕೊಂಡು ನೀರು ಹಾಕಲಿಲ್ಲ. ಅದರ ಮಗುವಿಗಾದರೂ ಹಾಕಬೇಕು ಎಂಬುದು ನನ್ನೊಳಗೆ ಯಾವಾಗಿನಿಂದಲೋ ಇತ್ತು. ಆರು ತಿಂಗಳಿತ್ತು ನನಗೆ.

ನನ್ನ ತೊಡೆಯ ಕಥೆ ಹಳೆಯದು. ಹತ್ತನೆಯ ತರಗತಿಯಲ್ಲೇ ಲಂಗ ಹೊಲಿಸುವಾಗ ಎರಡು ಮೊಳ ಹೆಚ್ಚು ಬಟ್ಟೆ ಬೇಕಾಗುತ್ತಿತ್ತು. ನಮ್ಮಜ್ಜಿಗೆ ಅದೇ ಹೆಮ್ಮೆ. "ಬಾಳೆದಿಂಡು ಕಣೆ ನನ್ ಮೊಮ್ಮಗಳ ಕಾಲು, ಇವ್ಳು ಎಂಟು ಮಕ್ಳ ಎರ್ತಾಳೆ" ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ನಾನು ಹೆತ್ತದ್ದು ಒಂದನ್ನು, ಉಳಿದ ಏಳರ ಬಲ ತೊಡೆಯಲ್ಲೇ ಉಳಿಯಿತು. ಮೂವತ್ತು ವರ್ಷ ಲೈಬ್ರರಿಯ ಕುರ್ಚಿಯಲ್ಲಿ ಕೂತೆ. ಬೇಸಿಗೆಯಲ್ಲಿ ಬಸ್‌ಸ್ಟ್ಯಾಂಡಿನಿಂದ ಮನೆಗೆ ನಡೆದರೆ ಒಳತೊಡೆ ಉಜ್ಜಿ ಕೆಂಪಾಗುತ್ತಿತ್ತು; ರಾತ್ರಿ ಕೊಬ್ಬರಿ ಎಣ್ಣೆ, ಬೆಳಿಗ್ಗೆ ಪೌಡರು. ಐದು ವರ್ಷದ ಹಿಂದೆ ಮಂಡಿ ನೋವೆಂದು ಮನೆಯಲ್ಲಿ ಕಮೋಡು ಹಾಕಿಸಿದೆವು. ಅಲ್ಲಿಗೆ ನಾನು ಕುಕ್ಕರುಗಾಲಲ್ಲಿ ಕೂರುವ ದಿನದ ಏಕೈಕ ಸಂದರ್ಭವೂ ತಪ್ಪಿಹೋಯಿತು.

ಈ ಸಂಕಟವನ್ನು ನಾನು ಮೊದಲು ಹೇಳಿಕೊಂಡದ್ದು ಪಕ್ಕದ ಮನೆಯ ಟೈಲರ್ ಹೆಂಗಸಿಗೆ. ನಾನು ಅವರನ್ನು ಆಪಾ ಎನ್ನುತ್ತೇನೆ, ಅವರು ನನ್ನನ್ನು ಅಕ್ಕ ಎನ್ನುತ್ತಾರೆ. ಇಬ್ಬರಲ್ಲಿ ಯಾರು ದೊಡ್ಡವರು ಎಂಬುದು ಇಪ್ಪತ್ತು ವರ್ಷದಿಂದ ತೀರ್ಮಾನವಾಗಿಲ್ಲ, ಆಗುವುದು ಇಬ್ಬರಿಗೂ ಬೇಕಿಲ್ಲ. ತೊಡೆಯ ವಿಷಯದಲ್ಲಿ ನಾವು ಸಮಾನ ದುಃಖಿಗಳು. ತುಳಿಯುವ ಮೆಷಿನ್ನಿಗೆ ಮೋಟಾರು ಹಾಕಿಸಿದ ಮೇಲೆ ಅವರ ಕಾಲೂ ಹೀಗೇ ಊದಿತ್ತು.

ಆಪಾ ಕತ್ತಿನಲ್ಲಿದ್ದ ಟೇಪು ತೆಗೆದು ನನ್ನ ತೊಡೆಗೆ ಸುತ್ತಿದರು. ಅಳತೆ ನೋಡಿ, "ಯಾ ಅಲ್ಲಾ!" ಎಂದರು. ಎಷ್ಟು ಎಂದು ನಾನು ಕೇಳಲಿಲ್ಲ.

"ಅಕ್ಕ, ನೀವು ಸುಮ್ನೆ ಊಟ ಬಿಟ್ಟು ಮುಖ ಬಾಡಿಸ್ಕೋಬೇಡಿ. ಬ್ಲೌಸ್ ತೋಳು ಸಡಿಲ ಆದ್ರೆ ನಾನು ಕತ್ತು ಹಿಡೀತೀನಾ? ತೋಳೇ ಹಿಡೀತೀನಿ. ಎಲ್ಲಿ ಜಾಸ್ತಿ ಇದೆಯೋ ಅಲ್ಲೇ ಕೆಲಸ ಮಾಡ್ಬೇಕು. ತೊಡೆಗೆ ಬೆವರು ಬರ್ಸಬೇಕು, ತೊಡೆಗೆ ಮಾತ್ರ."

ಕೇಳುವುದಕ್ಕೆ ಎಷ್ಟು ಸರಿಯಾಗಿತ್ತೆಂದರೆ, ಮೂವತ್ತು ವರ್ಷ ಪುಸ್ತಕಗಳ ನಡುವೆ ಕೂತ ನಾನು ಒಂದು ಪುಸ್ತಕ ತೆಗೆದು ನೋಡುವ ಗೋಜಿಗೂ ಹೋಗಲಿಲ್ಲ. ಆಪಾ ಹಳೆಯ ಎರಡು ರೇನ್‌ಕೋಟು ಬಿಚ್ಚಿ, ಒಳಗೆ ಕಂಬಳಿಯ ತುಂಡು ಕೊಟ್ಟು, ಇಬ್ಬರಿಗೂ ಜೊತೆ ಜೊತೆ ತೊಡೆಚೀಲ ಹೊಲಿದರು. ಮೇಲೆ ಎಲಾಸ್ಟಿಕ್ಕು, ಕೆಳಗೆ ಎಲಾಸ್ಟಿಕ್ಕು. ಹೊಲಿಗೆ ಎಂದರೆ ಹೊಲಿಗೆ, ಒಂದು ನೂಲು ಆಚೀಚೆ ಇಲ್ಲ. ಅದರ ಮೇಲೆ ಚೂಡಿದಾರದ ಪ್ಯಾಂಟು. ನಾನು ಜೀವನದಲ್ಲಿ ಮೊದಲ ಸಲ ಪ್ಯಾಂಟು ಹಾಕಿದ್ದು ಆಗಲೇ. ನಮ್ಮ ಯಜಮಾನರು ಪೇಪರಿನ ಮೇಲಿಂದ ನೋಡಿ, "ಕ್ರಿಕೆಟ್ಟು ಎಲ್ಲಿ?" ಎಂದು ಕೇಳಿದರು.

ಬೆಳಿಗ್ಗೆ ಆರಕ್ಕೆ ಊಟಿ ರಸ್ತೆಯ ಅಂಚು ಹಿಡಿದು ಹೊರಟೆವು. ಹೆಜ್ಜೆ ಹೆಜ್ಜೆಗೂ ಸರಕ್ ಸರಕ್ ಸದ್ದು. ನಾಯಿಗಳು ಎದ್ದು ನಿಂತು ನೋಡಿದವು. ಎಂಟನೆಯ ದಿನ ಒಳಗೆ ಬೆಂಕಿ ಹತ್ತಿದ ಹಾಗೆ ತುರಿಕೆ ಶುರುವಾಯಿತು. ನಾನು ಹಲ್ಲು ಕಚ್ಚಿ ನಡೆದೆ. ಆಪಾ ನಿಂತುಬಿಟ್ಟರು.

"ಅಕ್ಕ, ನನ್ಗೆ ಆಗಲ್ಲ. ಇಲ್ಲೇ ತೆಗೀತೀನಿ."

"ರಸ್ತೇಲಾ?"

"ರಸ್ತೆ ಬೇಡ, ಹೂವಿನ ಹೊಲ ಇದೆಯಲ್ಲ."

ಚೆಂಡುಹೂ ಸೊಂಟದೆತ್ತರ ಬೆಳೆದಿತ್ತು. ಇಬ್ಬರೂ ಸಾಲಿನ ನಡುವೆ ನುಗ್ಗಿ ಬಗ್ಗಿ ಪ್ಯಾಂಟಿನೊಡನೆ ಹೋರಾಡುತ್ತಿದ್ದೆವು. ಆಚೆ ಸಾಲಿನಲ್ಲಿ ಹೂ ಕೀಳುತ್ತಿದ್ದ ಹೆಂಗಸೊಬ್ಬಳು ತಲೆ ಎತ್ತಿದಳು. ಆಪಾಳ ಕೈಯಲ್ಲಿ ನೀಲಿ ರೇನ್‌ಕೋಟಿನ ಎರಡು ಚೀಲಗಳು ನೇತಾಡುತ್ತಿದ್ದವು.

"ಹೂವ ತುಂಬ್ಕೊಳಾಕೆ ಬಂದ್ರಾ?" ಎಂದಳು ಅವಳು, ಸೆರಗು ಬಿಗಿದು. "ಏ, ಬರ್ರೋ ಇಲ್ಲಿ, ಹೂವ ಕದಿಯೋರು!"

"ಅಯ್ಯೋ ಇಲ್ಲ ಕಣಮ್ಮ, ಇದು ತೊಡೇದು!" ಎಂದೆ. ಅದನ್ನು ವಿವರಿಸಲು ಹಿಡಿದ ಹೊತ್ತಿನಲ್ಲಿ ನಾಲ್ಕು ಜನ ಸೇರಿದರು. ಕೊನೆಗೆ ಆ ಹೆಂಗಸೇ ನಕ್ಕು ನಕ್ಕು ಸಾಲಿನಲ್ಲೇ ಕೂತುಬಿಟ್ಟಳು, ನಮ್ಮ ಕೈಗೆ ಒಂದೊಂದು ಬೊಗಸೆ ಹೂ ತುಂಬಿಸಿ ಕಳಿಸಿದಳು.

ತುರಿಕೆಗೆ ಮುಲಾಮು ಬರೆಸಿಕೊಳ್ಳಬೇಕಿತ್ತು. ಮಗಳು ಚಾಮರಾಜನಗರದಲ್ಲಿ ಗಂಡನ ಮನೆಯಲ್ಲಿದ್ದಳು, ಅವಳ ತಪಾಸಣೆಯ ದಿನವೂ ಅದೇ ಆಗಿತ್ತು. ನಾನು, ಆಪಾ ಇಬ್ಬರೂ ಹೋದೆವು. ಆಸ್ಪತ್ರೆಯಲ್ಲಿ ಮಗಳು ನಮ್ಮನ್ನು ವ್ಯಾಯಾಮ ಹೇಳಿಕೊಡುವ ಫಿಸಿಯೋ ಹುಡುಗಿಯ ಮುಂದೆ ಕೂರಿಸಿದಳು. ಆ ಹುಡುಗಿ ತೊಡೆಚೀಲದ ಕಥೆ ಪೂರ್ತಿ ಕೇಳುವ ತನಕ ನಗದೆ ತಡೆದುಕೊಂಡದ್ದೇ ದೊಡ್ಡದು.

"ಆಂಟಿ, ಬೆವರು ಬಂತು, ಮನೆಗೆ ಬಂದು ನೀರು ಕುಡಿದ್ರಿ. ಹೋದದ್ದು ವಾಪಸ್ ಬಂತು. ಕೊಬ್ಬು ಎಲ್ಲಿತ್ತೋ ಅಲ್ಲೇ ಇದೆ."

ಆಪಾ ಬಿಡಲಿಲ್ಲ. "ನೋಡಮ್ಮ, ನಾನು ಹದಿನಾರನೇ ವಯಸ್ಸಿನಿಂದ ಕತ್ರಿ ಹಿಡಿದೋಳು. ಎಲ್ಲಿ ಸಡಿಲವೋ ಅಲ್ಲಿ ಹಿಡೀಬೇಕು."

"ಬಟ್ಟೆ ನಿಮ್ ಮಾತು ಕೇಳುತ್ತೆ. ಮೈ ಕೇಳಲ್ಲ. ಎಲ್ಲಿಂದ ಮೊದಲು ಕರಗಬೇಕು ಅಂತ ಅದೇ ನಿರ್ಧಾರ ಮಾಡುತ್ತೆ. ಸುಮಾರು ಹೆಂಗಸರಿಗೆ ತೊಡೆ ಕೊನೇಲಿ ಇಳಿಯೋದು. ನೀವು ಇಡೀ ಮೈ ಇಳಿಸಬೇಕು. ಅದರ ಜೊತೆಗೆ ತೊಡೆಗೆ ಬಲ ಬರಿಸಬೇಕು. ಎರಡೂ ಬೇರೆ ಬೇರೆ ಕೆಲಸ."

ಆಮೇಲೆ ನನ್ನ ಊಟ ಕೇಳಿದಳು. ಮುದ್ದೆ ಬಿಟ್ಟಿದ್ದೇನೆ, ಚಪಾತಿ ತಿನ್ನುತ್ತೇನೆ ಎಂದು ಜಂಬದಿಂದ ಹೇಳಿದೆ. ನಮ್ಮ ಬೀದಿಯಲ್ಲಿ ಯಾರಿಗೆ ಏನೇ ಆದರೂ ಮೊದಲು ಮುದ್ದೆ ಬಿಡಿಸಿ ಚಪಾತಿ ಹಿಡಿಸುವುದು ರೂಢಿ.

"ಎಷ್ಟು ಚಪಾತಿ?"

"ಐದು."

"ಎಣ್ಣೆ ಹಾಕ್ತೀರಾ?"

"ಎಣ್ಣೆ ಯಾಕೆ, ತುಪ್ಪ."

ಹುಡುಗಿ ಪೆನ್ನು ಕೆಳಗಿಟ್ಟಳು. "ಆಂಟಿ, ಒಂದು ಸಣ್ಣ ಮುದ್ದೆ, ತಟ್ಟೆ ತುಂಬ ಸೊಪ್ಪಿನ ಸಾರು, ಕಾಳು. ಮುದ್ದೆಗೆ ಕ್ಷಮೆ ಕೇಳಿ ವಾಪಸ್ ಕರ್ಕೊಂಡು ಬನ್ನಿ."

ಅವಳು ಹೇಳಿಕೊಟ್ಟದ್ದು ಹೆಚ್ಚೇನಲ್ಲ. ಕೈ ಕಟ್ಟಿಕೊಂಡು ಕುರ್ಚಿಯಿಂದ ಏಳುವುದು, ನಿಧಾನವಾಗಿ ಕೂರುವುದು. ಕಿಟಕಿಯ ಸರಳು ಹಿಡಿದು ಅರ್ಧ ಕೆಳಗಿಳಿದು ನಿಲ್ಲುವುದು. ಪಕ್ಕಕ್ಕೆ ಮಲಗಿ ಮೇಲಿನ ಕಾಲನ್ನು ಎತ್ತಿ ಇಳಿಸುವುದು. ದಿನಾ ನಡೆಯುವುದು, ರೇನ್‌ಕೋಟಿಲ್ಲದೆ. ಮಂಡಿ ಚುಚ್ಚಿದರೆ ಅಲ್ಲಿಗೆ ನಿಲ್ಲಿಸಬೇಕು ಎಂದಳು. ನಾನು ಕೊನೆಗೆ, "ನೆಲದ ಮೇಲೆ ಕಾಲು ಜೋಡಿಸಿ ಕೂರೋಕಾಗುತ್ತಾ, ಐದು ತಿಂಗಳಲ್ಲಿ?" ಎಂದು ಕೇಳಿದೆ. ಯಾಕೆ ಎಂದಳು. ಮೊಮ್ಮಗುವಿಗೆ ನಾನೇ ನೀರು ಹಾಕಬೇಕು ಎಂದಷ್ಟೇ ಹೇಳಿದೆ. ಮಗಳು ಪಕ್ಕದಲ್ಲೇ ಇದ್ದಳು. ಅವಳು ನನ್ನ ಮುಖ ನೋಡಿದಳು. ಫಿಸಿಯೋ ಹುಡುಗಿ, "ಕೂತು ಏಳೋಕೆ ಆಗುತ್ತೆ ಅಂತ ಹೇಳಬಲ್ಲೆ. ಜೋಡಿಸೋದು ಗೊತ್ತಿಲ್ಲ" ಎಂದಳು.

ಲೈಬ್ರರಿಯಲ್ಲಿ ಜನ ಕಡಿಮೆ ಇರುವ ಹೊತ್ತಿನಲ್ಲಿ ಕುರ್ಚಿಯಿಂದ ಎದ್ದು ಕೂತು ಎದ್ದು ಕೂತು ಮಾಡುತ್ತಿದ್ದೆ. ದಿನವೂ ಪೇಪರು ಓದಲು ಬರುವ ಹಿರಿಯರೊಬ್ಬರು ಎರಡು ದಿನ ನೋಡಿ, ಮೂರನೆಯ ದಿನ, "ಏನಾರ ಕಳ್ಕೊಂಡ್ರಾ ಮೇಡಂ?" ಎಂದು ಮೇಜಿನ ಕೆಳಗೆ ಬಗ್ಗಿ ಹುಡುಕಿಕೊಟ್ಟರು. ಮನೆಯಲ್ಲಿ ಕಮೋಡು ಬಿಟ್ಟು ಹಿತ್ತಿಲಿನ ಹಳೆಯ ಕಕ್ಕಸಿಗೆ ಹೋಗತೊಡಗಿದೆ. ಮೊದಲ ದಿನ ಅಲ್ಲಿಂದ ಏಳಲಾರದೆ ನಲ್ಲಿಯ ಪೈಪು ಹಿಡಿದು ಎಳೆದೆ, ಪೈಪು ಕೈಗೆ ಬಂತು.

ಮೈ ಇಳಿಯಿತು. ಆದರೆ ಆ ಹುಡುಗಿ ಹೇಳಿದ ಹಾಗೆ, ಅದರ ಇಷ್ಟದಂತೆ. ಮೊದಲು ಕೆನ್ನೆ ಹೋಯಿತು. ಆಮೇಲೆ ಕತ್ತು. ಬಳೆಗಳು ಮೊಳಕೈವರೆಗೆ ಓಡಾಡಿದವು. ತಿಂಗಳಿಗೊಮ್ಮೆ ಆಪಾ ಬ್ಲೌಸು ಹಿಡಿದುಕೊಟ್ಟರು, ಟೇಪು ತೊಡೆಗೆ ಬಂದಾಗ ಮಾತ್ರ ಗಂಟಲು ಸರಿಮಾಡಿಕೊಳ್ಳುತ್ತಿದ್ದರು. "ಮೇಲೆಲ್ಲ ಆಯ್ತು ಅಕ್ಕ. ಇಲ್ಲಿ ಅರ್ಧ ಬೆರಳು." ಅವರದೂ ಅರ್ಧ ಬೆರಳೇ. ಬೀದಿಯಲ್ಲಿ ಕಂಡವರೆಲ್ಲ ದನಿ ತಗ್ಗಿಸಿ, "ಶುಗರ್ರಾ?" ಎಂದು ಕೇಳುತ್ತಿದ್ದರು. ಇಲ್ಲ ಎಂದರೆ ನಂಬುತ್ತಿರಲಿಲ್ಲ. ಒಬ್ಬರು ನಮ್ಮ ಯಜಮಾನರನ್ನು ಪಕ್ಕಕ್ಕೆ ಕರೆದು, ನನ್ನನ್ನು ಮೈಸೂರಿಗೆ ತೋರಿಸಲು ಹೇಳಿದರಂತೆ.

ರಾತ್ರಿ ಬಾಗಿಲು ಹಾಕಿಕೊಂಡು ಚಾಪೆಯ ಮೇಲೆ ಕಾಲು ಚಾಚಿ ನೋಡುತ್ತಿದ್ದೆ. ಚೊಂಬಿನಷ್ಟಿದ್ದ ಸಂದಿ ಲೋಟದಷ್ಟಾಯಿತು. ಅಲ್ಲೇ ನಿಂತಿತು. ಏಳನೆಯ ತಿಂಗಳು ಬಂತು, ಸೀಮಂತ ಮುಗಿಯಿತು, ಮಗಳು ತವರಿಗೆ ಬಂದಳು. ಅವಳ ಹಿಂದೆಯೇ ಕೊರಿಯರಿನಲ್ಲಿ ಗುಲಾಬಿ ಬಣ್ಣದ ಟಬ್ಬೂ ಬಂತು. "ಇರಲಿ ಅಂತ ಅಮ್ಮ, ಬೇಜಾರು ಮಾಡ್ಕೋಬೇಡ," ಎಂದಳು. ನಾನೇ ಅದನ್ನು ಅಟ್ಟದ ಮೇಲೆ ಇಟ್ಟೆ. ಅಂದು ರಾತ್ರಿ ಸೀಮಂತದ ಉಳಿದ ಹೋಳಿಗೆಯಲ್ಲಿ ಮೂರು ತಿಂದೆ, ಯಾರಿಗೂ ಹೇಳದೆ.

ಅತ್ತೆಗೆ ಫೋನು ಮಾಡಿದಾಗ ನನ್ನ ದನಿಯಲ್ಲೇ ಅವರಿಗೆ ಗೊತ್ತಾಯಿತು. "ನಾಕು ದಿನ ರಜ ಆಕ್ಬುಟ್ಟು ಇಲ್ಲಿಗೆ ಬಾ. ಈರುಳ್ಳಿ ಕಳೆ ಬಂದದೆ" ಎಂದರು.

ಹಂಗಳದಲ್ಲಿ ಬೆಳಗಿನ ನಡಿಗೆ ಇಲ್ಲ. ಆನೆ ಕಾಡಿಗೆ ಹಿಂತಿರುಗಿತು ಎಂಬ ಸುದ್ದಿ ಬಂದ ಮೇಲೇ ಹೊಲಕ್ಕೆ ಇಳಿಯುವುದು. ಸಣ್ಣ ಈರುಳ್ಳಿಯ ಪಾತಿಯಲ್ಲಿ ಆರು ಜನ ಹೆಂಗಸರು ಕುಕ್ಕರುಗಾಲಲ್ಲಿ ಕೂತು, ಒಂದೊಂದೇ ಹೆಜ್ಜೆ ಸರಿಯುತ್ತ, ನೆಲಕ್ಕೆ ಕೈ ಊರದೆ, ಮಾತಾಡುತ್ತ ಕಳೆ ಕೀಳುತ್ತಾರೆ. ನಾನು ಏಳನೆಯವಳು. ಅವರು ಆ ತುದಿ ಮುಟ್ಟಿ ಹಿಂದಿರುಗುವಾಗ ನಾನು ಇನ್ನೂ ಸಾಲಿನ ಕಾಲು ಭಾಗದಲ್ಲಿದ್ದೆ.

"ಅಕ್ಕೋ, ಬಿರ್ನೆ ಬಾ, ಬಸ್ಸು ಓಯ್ತದೆ!" ಎಂದಳು ಒಬ್ಬಳು.

"ಸುಮ್ಕಿರೇ, ಅವ್ರು ಓದಿರೋರು. ಒಂದೊಂದು ಗರಿಕೇನೂ ಓದ್ಕಂಡು ಬತ್ತಾವ್ರೆ," ಎಂದಳು ಇನ್ನೊಬ್ಬಳು.

ಮೊದಲ ದಿನ ನಾಲ್ಕು ಸಲ ಹಿಂದಕ್ಕೆ ಬಿದ್ದೆ. ಎರಡನೆಯ ದಿನ ತೊಡೆ ಮುಟ್ಟಿದರೆ ಕೂಗುವಷ್ಟು ನೋವು. ಬದುವಿನ ಮೇಲೆ ಕೂತ ಅತ್ತೆ ಎಲೆ ಅಡಿಕೆ ಹಾಕಿಕೊಂಡು ನೋಡುತ್ತಿದ್ದರು. ನಾಲ್ಕನೆಯ ದಿನ ಮಧ್ಯಾಹ್ನ ಬುತ್ತಿಗೆ ಕರೆದಾಗ ನಾನು ಎದ್ದು ಬದುವಿಗೆ ನಡೆದುಬಂದೆ.

"ಎದ್ದಲ್ಲಾ," ಎಂದರು ಅತ್ತೆ.

"ಹೂಂ, ಊಟಕ್ಕೆ ಕರೆದ್ರಲ್ಲ."

"ಕೈ ಊರ್ದೆ ಎದ್ದೆ ಕಣಮ್ಮಿ."

ಆಗ ನನಗೂ ಗೊತ್ತಾಯಿತು.

ಮಗು ಹೇಳಿದ ದಿನಕ್ಕಿಂತ ಮೊದಲೇ ಬಂತು. ಚಾಮರಾಜನಗರದ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿ ತೆಗೆದರು, ಹೆಣ್ಣು. ತೂಕ ಸ್ವಲ್ಪ ಕಡಿಮೆ. ನರ್ಸಮ್ಮ ನನ್ನ ಮುಖ ನೋಡಿಯೇ ನಾನು ಯಾವ ಜಾತಿಯ ಅಜ್ಜಿ ಎಂದು ತಿಳಿದುಕೊಂಡರು. "ನೋಡೀಮ್ಮ, ತೂಕ ಬರೋ ತನಕ, ಹೊಕ್ಕಳು ಒಣಗಿ ಬೀಳೋ ತನಕ ಒದ್ದೆ ಬಟ್ಟೇಲಿ ಒರೆಸೋದಷ್ಟೇ. ಆಮೇಲೂ ಕಿವಿಗೆ ಎಣ್ಣೆ, ಮೂಗಿಗೆ ಊದೋದು, ಹೊಗೆ ಹಾಕೋದು ಇದ್ಯಾವ್ದೂ ಬೇಡ. ನೀರು ಬೆಚ್ಚಗೆ, ಸುಡೋ ನೀರಲ್ಲ." ಎಲ್ಲದಕ್ಕೂ ತಲೆಯಾಡಿಸಿದೆ. ಒಳಗೊಳಗೆ, ಇನ್ನಷ್ಟು ದಿನ ಸಿಕ್ಕಿತು ಎಂದು ನಿಟ್ಟುಸಿರು ಬಿಟ್ಟೆ.

ಮೂರು ವಾರ ಕಳೆದು ಡಾಕ್ಟರು ಆಗಬಹುದು ಎಂದರು. ಅತ್ತೆಯನ್ನು ಮೈದುನ ಬೆಳಗಿನ ಬಸ್ಸಿನಲ್ಲಿ ಕರೆತಂದರು. ನಮ್ಮ ಬಚ್ಚಲು ಸಣ್ಣದು. ನಾನು, ಅತ್ತೆ, ಹೊಸಿಲ ಮೇಲೆ ಮಗಳು. ಅವಳು ಅಟ್ಟದಿಂದ ಟಬ್ಬನ್ನು ಅಪ್ಪನ ಕೈಯಲ್ಲಿ ಇಳಿಸಿಸಿ, ತೊಳೆದು ಪಕ್ಕದಲ್ಲಿ ಇಟ್ಟಿದ್ದಳು.

ಯಾರ ಹೆಗಲನ್ನೂ ಹಿಡಿಯದೆ ನಿಧಾನವಾಗಿ ಮಣೆಯ ಮೇಲೆ ಕೂತೆ. ಸೀರೆ ಮಡಚಿ ಕಾಲು ಚಾಚಿದೆ. ಮಂಡಿಗಳು ಮುಟ್ಟಿದವು. ಕೆಳಗೆ ಪಾದದ ಹತ್ತಿರ ಇನ್ನೂ ಮೂರು ಬೆರಳು ಸಂದಿ. ಒತ್ತಿದೆ. ತೊಡೆ ನಡುಗಿತು, ಸಂದಿ ಮುಚ್ಚಲಿಲ್ಲ. ಮಗಳು ಟಬ್ಬಿನ ಅಂಚಿಗೆ ಕೈ ಇಟ್ಟದ್ದು ಕಣ್ಣಂಚಿನಲ್ಲಿ ಕಾಣಿಸಿತು.

"ಆಗಲಿಲ್ಲ ಅತ್ತೆ," ಎಂದೆ. "ಕೂಡಲಿಲ್ಲ."

ಅತ್ತೆ ತಾವು ತಂದಿದ್ದ ಕೈಚೀಲದಿಂದ ಹಳೆಯ ನೂಲುಸೀರೆಯ ತುಂಡೊಂದನ್ನು ತೆಗೆದರು. ಅದನ್ನು ಉದ್ದಕ್ಕೆ ಮಡಚಿ ಮಡಚಿ ನನ್ನ ಕಾಲುಗಳ ನಡುವಿನ ಸಂದಿಗೆ ತುಂಬಿದರು, ಉಳಿದದ್ದನ್ನು ಮೇಲೆ ಹರಡಿದರು. ಮೆತ್ತನೆಯ ಒಂದು ತಗ್ಗಾಯಿತು.

"ಇದೇನು?"

"ಬಟ್ಟೆ."

"ಅಲ್ಲ, ಇದನ್ನ ಹಾಕ್ಕೋಬಹುದಾ?"

ಅತ್ತೆ ಸೀರೆಯನ್ನು ಮಂಡಿಯವರೆಗೆ ಎತ್ತಿ ತಮ್ಮ ಕಾಲು ತೋರಿಸಿದರು. ಮೂವತ್ತೆರಡು ವರ್ಷದಿಂದ ಆ ಮನೆಯ ಸೊಸೆ ನಾನು, ಅವರ ಕಾಲನ್ನು ಹಾಗೆ ನೋಡಿದ್ದು ಅಂದೇ. ಎರಡೂ ಬಿಲ್ಲಿನ ಹಾಗೆ ಹೊರಕ್ಕೆ ಬಾಗಿದ್ದವು. ಮಂಡಿ ಮಂಡಿ ಮುಟ್ಟುವ ಮಾತೇ ಇರಲಿಲ್ಲ.

"ನಂದು ಯಾವತ್ತು ಕೂಡಿದ್ವು? ಉಟ್ಟಿದಾಗಿಂದ ಸೊಟ್ಟಗಾಲು. ಎಲ್ರಿಗೂ ಬಟ್ಟೆ ತುರುಕ್ಕಂಡೇ ಉಯ್ದಿದ್ದು."

ಅವರು ಕಾಲ ಮೇಲೆ ಬಟ್ಟೆ ಹರಡಿಕೊಂಡು ಕೂರುವುದನ್ನು ನಾನು ನೂರು ಸಲ ನೋಡಿದ್ದೆ. ಕೂಸು ಜಾರದಿರಲಿ ಎಂದು ಬಟ್ಟೆ ಹಾಕುತ್ತಾರೆ ಎಂದುಕೊಂಡಿದ್ದೆ.

"ಆರು ತಿಂಗಳು ಅತ್ತೆ! ಮೊದಲೇ ಹೇಳಬಾರದಿತ್ತಾ?"

"ಏನಂತ ಏಳಾದು? ಅವತ್ತು ಕೂರಾಕೆ ಇಬ್ರು, ಏಳಾಕೆ ಮೂರ್ ಜನ ಬೇಕಿತ್ತು ನಿಂಗೆ. ಕೂಸ್ನ ಕಾಲ್ ಮ್ಯಾಗೆ ಮಡಿಕ್ಕಂಡು ಕಾಲು ಸೋತ್ರೆ ಬಟ್ಟೆ ಇಡ್ಕತದಾ?" ಅವರು ನನ್ನ ತೊಡೆಯ ಮೇಲೆ ಒಂದು ಏಟು ಕೊಟ್ಟರು. ಅದು ಸದ್ದು ಮಾಡಿತು, ಅಲುಗಲಿಲ್ಲ. "ಈಗ ಬಿಗಿ ಬಂದದೆ. ತಕ್ಕೋ."

ಮಗುವನ್ನು ನನ್ನ ಕಾಲ ಮೇಲೆ ಮಲಗಿಸಿದರು.

ಎಷ್ಟು ಹಗುರವಿತ್ತು ಎಂದರೆ, ಇದೆಯೋ ಇಲ್ಲವೋ ಎಂದು ಎರಡು ಸಲ ನೋಡಿಕೊಂಡೆ. ಮೊಳಕೈ ಅದ್ದಿ ನೀರು ನೋಡಿದೆ. ಎದೆಗೆ, ಹೊಟ್ಟೆಗೆ, ಕಾಲಿಗೆ ಎಣ್ಣೆ ಸವರಿದೆ. ಮೊದಲ ಚೊಂಬು ಬಿದ್ದಾಗ ಅದು ಕೈಕಾಲು ಬಿಚ್ಚಿ ಕಿರುಚಿತು. ಎರಡನೆಯದಕ್ಕೆ ದನಿ ಇಳಿಯಿತು. ಮೂರನೆಯದಕ್ಕೆ ಸುಮ್ಮನಾಗಿ ಮೇಲೆ ಹಂಚಿನ ಸಂದಿಯ ಬೆಳಕನ್ನು ನೋಡತೊಡಗಿತು. ಮಗುಚಿ ಬೆನ್ನಿಗೆ ಹಾಕುವಾಗ ನನ್ನ ತೊಡೆ ಸಣ್ಣಗೆ ನಡುಗುತ್ತಿತ್ತು. ಕಳೆ ಕೀಳುವ ಸಾಲಿನಲ್ಲಿ ನಡುಗಿದ ಹಾಗೆಯೇ. ಅಷ್ಟು ನಡುಕವನ್ನು ಹೇಗೆ ತಡೆದುಕೊಳ್ಳಬೇಕೆಂದು ತೊಡೆಗೆ ಈಗ ಗೊತ್ತಿತ್ತು.

"ಅಜ್ಜಿ, ಅಮ್ಮ ನನಗೂ ಹೀಗೇ ಹಾಕ್ತಿದ್ಲಾ?" ಎಂದು ಮಗಳು ಕೇಳಿದಳು.

"ನಿಂಗೆ ನಾನು ಉಯ್ದೆ," ಎಂದರು ಅತ್ತೆ. "ನಿಮ್ಮವ್ವ ಡೂಟಿಗೆ ಓಯ್ತಿದ್ಲು. ಒಂದು ಕಣ್ಣು ಗಡಿಯಾರದ ಮ್ಯಾಗೆ, ಒಂದು ಕಣ್ಣು ನಿನ್ ಮ್ಯಾಗೆ."

ಮಗಳು ಟಬ್ಬನ್ನು ಕಾಲಿನಿಂದ ಹೊರಗೆ ತಳ್ಳಿ, ಬಿಸಿನೀರಿನ ಬಕೆಟ್ಟನ್ನು ನನ್ನ ಕೈಗೆ ಎಟುಕುವ ಹಾಗೆ ಹತ್ತಿರ ಸರಿಸಿದಳು.

ಮಗುವನ್ನು ಟವಲ್ಲಿನಲ್ಲಿ ಸುತ್ತಿ ಅವಳ ಕೈಗೆ ಕೊಟ್ಟು ನಾನು ಎದ್ದೆ. ಎದ್ದದ್ದನ್ನು ಯಾರೂ ಗಮನಿಸಲಿಲ್ಲ, ಎಲ್ಲರೂ ಕೂಸಿನ ಹಿಂದೆ ಹೋಗಿದ್ದರು.

ಐದು ತಿಂಗಳು ದಿನವೂ ನೀರು ಹಾಕಿದೆ. ಆಮೇಲೆ ಮಗಳು ಮಗುವನ್ನು ಕರೆದುಕೊಂಡು ಚಾಮರಾಜನಗರಕ್ಕೆ ಹೋದಳು. ಆ ಐದು ತಿಂಗಳಲ್ಲಿ ಆಪಾಳ ಟೇಪು ಮೊದಲ ಸಲ ಎರಡು ಬೆರಳು ಇಳಿಯಿತು. ಮೂರು ಬೆರಳಿನ ಸಂದಿ ಒಂದು ಬೆರಳಾಯಿತು, ಹೋಗಲಿಲ್ಲ. ಈಗಲೂ ಇದೆ. ಬೇಸಿಗೆಗೆ ಪೌಡರು ಈಗಲೂ ಬೇಕು.

ಹೋದ ಮಳೆಗಾಲದಲ್ಲಿ ಪುಣಜನೂರಿನಲ್ಲಿ ಆಪಾಳ ತಂಗಿಯ ಮಗಳಿಗೆ ಅವಳಿ ಮಕ್ಕಳಾದವು. ಆ ಮನೆಯಲ್ಲಿ ನೀರು ಹಾಕುವ ಹಿರಿಯರು ಯಾರೂ ಉಳಿದಿರಲಿಲ್ಲ. ಹುಡುಗಿಯ ಅತ್ತೆಗೆ ಅಭ್ಯಾಸವಿರಲಿಲ್ಲ. ಆಪಾ ಬಂದು, "ಅಕ್ಕ, ನಾಲ್ಕು ದಿನ ಬರ್ತೀರಾ?" ಎಂದು ಕೇಳಿದರು. ಚಾಮರಾಜನಗರದಲ್ಲಿ ಬಸ್ಸು ಬದಲಿಸಿ ಇಬ್ಬರೂ ಹೋದೆವು. ಬೆಳಿಗ್ಗೆ ಒಂದರ ಹಿಂದೆ ಒಂದು, ಎರಡು ಕೂಸಿಗೂ ನಾನು ನೀರು ಹಾಕಿದೆ, ಹುಡುಗಿಯ ಅತ್ತೆ ಪಕ್ಕದಲ್ಲಿ ಕುಳಿತು ನೋಡಿದರು. ಐದನೆಯ ದಿನ ಅವರೇ ಮಣೆಯ ಮೇಲೆ ಕುಳಿತು ಕಾಲು ಚಾಚಿದರು. ನಾನು ದೊಡ್ಡ ಕೂಸನ್ನು ಎತ್ತಿ ಕೊಟ್ಟೆ. ಮಧ್ಯಾಹ್ನದ ಬಸ್ಸಿಗೆ ನಾನೂ ಆಪಾನೂ ಊರಿಗೆ ಹೊರಟೆವು.